ಬೋರ್ಡು ದೊಡ್ಡದು, ಕೈಗೆ ಸಿಗುವುದು ಅರ್ಧ ಗೇಣು

75 ಇಂಚಿನ ಸ್ಮಾರ್ಟ್ ಬೋರ್ಡಿನ ಪರದೆ ಸುಮಾರು 93 ಸೆಂ.ಮೀ. ಎತ್ತರವಿರುತ್ತದೆ. ಹಿಂದಿನ ಬೆಂಚಿನವರಿಗೂ ಕಾಣಲಿ ಎಂದು ಕೆಳಗಿನ ಅಂಚನ್ನು ನೆಲದಿಂದ 90 ಸೆಂ.ಮೀ. ಮೇಲಿಟ್ಟರೆ, ಮೇಲಿನ ಅಂಚು ಆರಡಿಗೆ ಹೋಗಿ ನಿಲ್ಲುತ್ತದೆ. ಮೇಷ್ಟ್ರಿಗೆ ಅನುಕೂಲವೇ. ಗಾಲಿಕುರ್ಚಿಯಲ್ಲಿ ಕುಳಿತ ಒಂದನೇ ತರಗತಿಯ ಮಗುವಿಗೆ? ಅಮೆರಿಕದ ಅಂಗವಿಕಲರ ಕಾಯ್ದೆಯ (ಎಡಿಎ) ಮಾನದಂಡಗಳ ಸಲಹೆಯಂತೆ 5ರಿಂದ 8 ವರ್ಷದವರ ಕೈಗೆ ಎಟುಕುವ ಮಿತಿ ಸುಮಾರು 101 ಸೆಂ.ಮೀ. ಅಷ್ಟು ದೊಡ್ಡ ಪರದೆಯಲ್ಲಿ ಆ ಮಗುವಿಗೆ ದಕ್ಕುವುದು ತಳದ ಅರ್ಧ ಗೇಣು.

ಇನ್ನು ಮುಟ್ಟುವ ವಿಚಾರ. ಹಳೆಯ ಬೋರ್ಡುಗಳಲ್ಲಿ ಹಲವು ಒತ್ತಡ ಕೇಳುತ್ತಿದ್ದವು: ಎರಡು ತೆಳು ಪದರಗಳ ನಡುವೆ ಕೂದಲೆಳೆಯ ಅಂತರ, ಒತ್ತಿದಾಗ ಅವು ತಾಗಿದರಷ್ಟೇ ಗೆರೆ. ಬೆರಳಲ್ಲಿ ಬಲವಿಲ್ಲದವರಿಗೆ ಅದೇ ಕಷ್ಟ. ಈಗಿನ ಬಹುಪಾಲು ಪ್ಯಾನೆಲ್‌ಗಳ ಚೌಕಟ್ಟಿನ ಒಳಬದಿಯಲ್ಲಿ ಸಾಲಾಗಿ ಇನ್‌ಫ್ರಾರೆಡ್ ಎಲ್‌ಇಡಿಗಳಿವೆ, ಎದುರು ಬದಿಯಲ್ಲಿ ಅವುಗಳ ಬೆಳಕು ಹಿಡಿಯುವ ಸೆನ್ಸರ್‌ಗಳು. ಅಡ್ಡ ಮತ್ತು ಉದ್ದದ ಯಾವ ಕಿರಣ ಕಡಿಯಿತೋ ಅದರಿಂದ ಜಾಗ ಗೊತ್ತಾಗುತ್ತದೆ. ಕಡಿದದ್ದು ಬೆರಳೇ ಆಗಬೇಕಿಲ್ಲ. ಮೊಣಕೈ ಆದೀತು, ತುದಿಗೆ ಸ್ಪಂಜಿನ ಚೆಂಡು ಸಿಕ್ಕಿಸಿದ ಕೋಲೂ ಆದೀತು. ಎಟುಕದ ಮಗುವಿಗೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಕಂಡಿಲ್ಲ.

ತೊಂದರೆ ಇಲ್ಲದಿಲ್ಲ. ಅಂಗಿಯ ತೋಳು ಕಿರಣಕ್ಕೆ ಅಡ್ಡ ಬಂದರೂ ಗೆರೆ ಮೂಡುತ್ತದೆ. ಕೈ ನಡುಗುವ ಮಕ್ಕಳು ಅಂಗೈ ಊರಿ ಬರೆಯುವಾಗ ಇದು ಹೆಚ್ಚು. ದೊಡ್ಡ ಗುಂಡಿಗಳ ಪಾಠ, ಅಂಗೈಯನ್ನು ಲೆಕ್ಕಕ್ಕಿಡದ ಸೆಟ್ಟಿಂಗ್ ಇದ್ದರೆ ಸ್ವಲ್ಪ ನೆರವಾಗುತ್ತದೆ.

ಎತ್ತರ ಬದಲಿಸಲು ಮೋಟಾರಿನ ಸ್ಟ್ಯಾಂಡುಗಳಿವೆ. ಪ್ರೊಜೆಕ್ಟರ್ ಬಳಸುವ ಬೋರ್ಡಾದರೆ ಪ್ರೊಜೆಕ್ಟರೂ ಅದೇ ಚೌಕಟ್ಟಿನ ಮೇಲೆ ಕೂತಿರಬೇಕು. ಇಲ್ಲದಿದ್ದರೆ ಬೋರ್ಡು ಇಳಿದೊಡನೆ ಚಿತ್ರ ಒಂದು ಕಡೆ, ಸ್ಪರ್ಶ ಇನ್ನೊಂದು ಕಡೆ. ಸ್ಟ್ಯಾಂಡಿನ ಕಾಲು ಮುಂದಕ್ಕೆ ಚಾಚಿದ್ದರೆ ಗಾಲಿಕುರ್ಚಿ ಹತ್ತಿರವೇ ಬಾರದು. ಪರದೆಯನ್ನೇ ಮಗುವಿನ ಟ್ಯಾಬ್ಲೆಟ್ಟಿಗೆ ಕಳಿಸಬಹುದು, ನಿಜ; ಆದರೆ ತರಗತಿಯ ಮುಂದೆ ಹೋಗಿ ಲೆಕ್ಕ ಬಿಡಿಸುವ ಸಂಭ್ರಮ ಟ್ಯಾಬ್ಲೆಟ್ಟಿನಲ್ಲಿ ಎಲ್ಲಿಂದ ಬರಬೇಕು?

ನಮ್ಮ ಎಷ್ಟೋ ಹಳೆಯ ಶಾಲೆಗಳಲ್ಲಿ ಕಪ್ಪುಹಲಗೆಯ ಮುಂದೆ ಮೇಷ್ಟ್ರು ನಿಲ್ಲಲೆಂದು ಕಟ್ಟಿದ ಸಿಮೆಂಟು ಕಟ್ಟೆಯಿದೆ. ಸ್ಮಾರ್ಟ್ ಬೋರ್ಡನ್ನೂ ಅದರ ಮೇಲಿನ ಗೋಡೆಗೇ ಹೊಡೆದರೆ, ಗಾಲಿಕುರ್ಚಿ ಕಟ್ಟೆಯ ಬುಡದಲ್ಲೇ ನಿಲ್ಲುತ್ತದೆ. ಆ ಅರ್ಧ ಗೇಣೂ ಕೈತಪ್ಪುತ್ತದೆ. ಶಾಲೆಯ ಸೌಲಭ್ಯ ಎಲ್ಲ ಮಕ್ಕಳಿಗೂ ಸಿಗುವಂತಿರಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳಿದೆ. ಗೋಡೆಗೆ ತೂತು ಕೊರೆಯುವ ಮೊದಲು ಪಕ್ಕದ ಗೋಡೆಯನ್ನೊಮ್ಮೆ ಅಳೆದು ನೋಡಬಹುದು.