'ಎಸ್' ಅಂದರೆ ಹೌದು ಅಂತಲೇ ಅಲ್ಲ!



"ಸ್ವೀಡನ್ನಿನಲ್ಲಿದ್ದೀರಿ, ಸ್ವೀಡಿಷ್ ಕಲಿತರೆ ಸಾಕಲ್ಲ, ಇಂಗ್ಲಿಷ್ ಯಾಕೆ?" ಅಂತ ಊರಿನಿಂದ ಫೋನ್ ಮಾಡಿದವರು ಕೇಳುತ್ತಾರೆ. ಸ್ವೀಡಿಷ್ ಕಲಿಯಲೇಬೇಕು, ಅದಕ್ಕೆ ಎಸ್‌ಎಫ್‌ಐ ತರಗತಿಗಳಿವೆ. ಆದರೆ ನಮ್ಮ ಟ್ರೋಲ್‌ಹೆಟ್ಟನ್ನಿನ ಕಥೆ ಸ್ವಲ್ಪ ಬೇರೆ. ಇಲ್ಲಿನ ಸಾಬ್ ಕಾರ್ ಕಂಪನಿ 1990ರಲ್ಲಿ ಅರ್ಧ, 2000ದಲ್ಲಿ ಪೂರ್ತಿ ಅಮೆರಿಕದ ಜನರಲ್ ಮೋಟಾರ್ಸ್ ಕೈಗೆ ಹೋಗಿ, ಮತ್ತೆ ಕೈ ಬದಲಾಗಿ, 2011ರ ಕೊನೆಗೆ ದಿವಾಳಿಯಾಯಿತು. ವಿಮಾನದ ಎಂಜಿನ್ ಭಾಗಗಳನ್ನು ಮಾಡುವ ವೋಲ್ವೋ ಏರೋ 2012ರಲ್ಲಿ ಬ್ರಿಟನ್ನಿನ ಜಿಕೆಎನ್ ಪಾಲಾಯಿತು. ಹೀಗಿರುವ ಊರಿನಲ್ಲಿ ನಮ್ಮಂಥ ಎಂಜಿನಿಯರುಗಳ ಮೀಟಿಂಗು, ರಿಪೋರ್ಟು ಎಲ್ಲ ಇಂಗ್ಲಿಷಿನಲ್ಲೇ. ಮಾತಾಡುವ ಇಬ್ಬರಿಗೂ ಅದು ತಾಯ್ನುಡಿ ಅಲ್ಲ. ಒಬ್ಬ ಕನ್ನಡದಲ್ಲಿ ಯೋಚಿಸುತ್ತಾನೆ, ಇನ್ನೊಬ್ಬ ಸ್ವೀಡಿಷಿನಲ್ಲಿ. ತಮಾಷೆಯೂ ಅಲ್ಲೇ, ತೊಂದರೆಯೂ ಅಲ್ಲೇ.

ನನ್ನ ಲೆಕ್ಕದಲ್ಲಿ ಮೊದಲು ಸರಿ ಮಾಡಿಕೊಳ್ಳಬೇಕಾದ ಪದಗಳು 'ಎಸ್' ಮತ್ತು 'ನೋ'. ನಗಬೇಡಿ! "ಊಟ ಆಗಿಲ್ವಾ?" ಅಂತ ಯಾರಾದರೂ ಕೇಳಿದರೆ ನಾವು "ಹೂಂ, ಆಗಿಲ್ಲ" ಅನ್ನುತ್ತೇವೆ. ನಮ್ಮ 'ಹೂಂ' ಕೇಳಿದವರ ಮಾತಿಗೆ ಒಪ್ಪಿಗೆ. ಇಂಗ್ಲಿಷಿನ 'ಎಸ್'ಗೆ ಕೇಳಿದವರು ಹೇಗೆ ಕೇಳಿದರು ಅನ್ನುವುದು ಬೇಕಿಲ್ಲ. ನಿಮ್ಮ ಉತ್ತರದಲ್ಲಿ 'ನಾಟ್' ಇದ್ದರೆ 'ನೋ', ಇಲ್ಲದಿದ್ದರೆ 'ಎಸ್', ಅಷ್ಟೇ.

ಪರಿಚಯದವರೊಬ್ಬರು ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದರು. ನರ್ಸ್ ಕೇಳಿದರು: "ಸೋ, ಹೀ ಈಸ್ ನಾಟ್ ಅಲರ್ಜಿಕ್ ಟು ಎನಿಥಿಂಗ್?" ತಾಯಿ ನಮ್ಮವರ ಹಾಗೆ ತಲೆಯನ್ನು ಅತ್ತ ಇತ್ತ ವಾಲಿಸಿ "ಎಸ್" ಅಂದರು. ಅವರ ಮನಸ್ಸಿನಲ್ಲಿದ್ದದ್ದು 'ಹೌದು, ಏನೂ ಅಲರ್ಜಿ ಇಲ್ಲ'. ನರ್ಸ್ ಸಿರಿಂಜು ಕೆಳಗಿಟ್ಟು "ಯಾವುದಕ್ಕೆ?" ಅಂದರು. ಪುಣ್ಯಕ್ಕೆ ಇಲ್ಲಿ ಆದದ್ದು ಐದು ನಿಮಿಷದ ಗೊಂದಲ ಮಾತ್ರ. ಇದನ್ನೇ ತಿರುವಿ ನೋಡಿ. ನಿಜವಾಗಿ ಅಲರ್ಜಿ ಇರುವ ಮಗುವಿನ ತಾಯಿ, 'ಹಾಗಲ್ಲ, ಇದೆ' ಅನ್ನುವ ಅರ್ಥದಲ್ಲಿ ಬರೀ "ನೋ" ಅಂದುಬಿಟ್ಟರೆ? ನರ್ಸ್ ಮುಂದಿನ ಪ್ರಶ್ನೆ ಕೇಳುವುದೇ ಇಲ್ಲ.

ಆದ್ದರಿಂದ ಆಸ್ಪತ್ರೆ, ಔಷಧಿ ಅಂಗಡಿ, ಮಕ್ಕಳ ಶಾಲೆ, ಎಲ್ಲಿಯೂ ಒಂದೇ ಪದಕ್ಕೆ ನಿಲ್ಲಿಸಬೇಡಿ. "ನೋ, ಹೀ ಈಸ್ ನಾಟ್" ಅನ್ನಿ, ಅಥವಾ "ಎಸ್, ಹೀ ಈಸ್ ಅಲರ್ಜಿಕ್ ಟು ಪೀನಟ್ಸ್" ಅನ್ನಿ. ಊರಿನಿಂದ ಬಂದ ಅಪ್ಪ ಅಮ್ಮನಿಗೂ ಇದೊಂದನ್ನು ಹೇಳಿಕೊಡಿ. ಅಂದ ಹಾಗೆ, ಸ್ವೀಡಿಷರಿಗೆ ಇದಕ್ಕೆಂದೇ ಮೂರನೆಯ ಪದವಿದೆ. 'ಇಲ್ಲ' ಅಂದುಕೊಂಡು ಕೇಳಿದವರಿಗೆ 'ಇದೆ' ಅನ್ನಬೇಕಾದರೆ ಅವರು 'ಯಾ' ಅನ್ನುವುದಿಲ್ಲ, 'ಯೂ' ಅನ್ನುತ್ತಾರೆ. ಇಂಗ್ಲಿಷಿಗೆ ಆ ಭಾಗ್ಯವಿಲ್ಲ.

ಎರಡನೆಯದು 'ಡೌಟ್'. ಶಾಲೆಯಲ್ಲಿ ಕೈ ಎತ್ತಿ "ಸಾರ್, ಒಂದು ಡೌಟು" ಅಂದವರು ನಾವು. ಇಲ್ಲಿ ಸಹೋದ್ಯೋಗಿ ತನ್ನ ಡ್ರಾಯಿಂಗ್ ತೋರಿಸುತ್ತಿರುವಾಗ "ಐ ಹ್ಯಾವ್ ಎ ಡೌಟ್" ಅಂದರೆ, 'ನಿನ್ನ ಕೆಲಸದ ಮೇಲೆ ನನಗೆ ನಂಬಿಕೆ ಇಲ್ಲ' ಅಂತ ಅವನ ಕಿವಿಗೆ ಬೀಳುತ್ತದೆ. 'ಕ್ವೆಶ್ಚನ್' ಅನ್ನಿ. "ಐ ಪಾಸ್ಡ್ ಔಟ್ ಇನ್ 1998" ಅಂದರೆ ಆ ವರ್ಷ ಮೂರ್ಛೆ ಹೋಗಿದ್ದಿರಿ ಅಂತ ಅರ್ಥ. 'ಪ್ರಿಪೋನ್', 'ಔಟ್ ಆಫ್ ಸ್ಟೇಷನ್', 'ಡು ದ ನೀಡ್‌ಫುಲ್' ಇವೆಲ್ಲ ತಪ್ಪು ಅಂತ ನಾನು ಒಪ್ಪುವುದಿಲ್ಲ. 'ಪ್ರಿಪೋನ್' ಆಕ್ಸ್‌ಫರ್ಡ್ ನಿಘಂಟನ್ನೇ ಸೇರಿದೆ. ಬೆಂಗಳೂರಿನಲ್ಲಿ ಧಾರಾಳವಾಗಿ ಬಳಸಿ, ಇಲ್ಲಿ ಮಾತ್ರ ಎದುರಿಗಿರುವವರ ಮುಖ ನೋಡಿ ಬಳಸಿ.

ವ್ಯಾಕರಣದಲ್ಲಿ ನಮ್ಮನ್ನು ಕಾಡುವುದೆಲ್ಲ ಕನ್ನಡದಿಂದ ಹೊತ್ತು ತಂದದ್ದೇ. 'ಎರಡು ದಿನದಿಂದ ನೋವು', '2019ರಿಂದ ಇಲ್ಲಿದ್ದೇನೆ': ಎರಡಕ್ಕೂ ನಮಗೆ ಒಂದೇ 'ಇಂದ' ಸಾಕು. ಇಂಗ್ಲಿಷ್ ಇದನ್ನು ಎರಡಾಗಿ ಸೀಳುತ್ತದೆ. ಶುರುವಾದ ಕಾಲಕ್ಕೆ 'ಸಿನ್ಸ್', ಕಳೆದ ಅವಧಿಗೆ 'ಫಾರ್'. ಜೊತೆಗೆ 'ಹ್ಯಾವ್' ಬೇಕು. "ಐ ಹ್ಯಾವ್ ಹ್ಯಾಡ್ ಪೇನ್ ಫಾರ್ ಟು ಡೇಸ್", "ಐ ಹ್ಯಾವ್ ಬೀನ್ ಹಿಯರ್ ಸಿನ್ಸ್ 2019". ಹಾಗೆಯೇ 'ಅರ್ಥ ಆಗ್ತಾ ಇಲ್ಲ' ಅನ್ನುವುದು 'ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್' ಆಗುತ್ತದೆ. ತಿಳಿಯುವುದು, ಇರುವುದು, ಬೇಕಾಗುವುದು ಇಂಥವಕ್ಕೆ 'ಇಂಗ್' ಹಚ್ಚುವ ಚಟ ಬಿಟ್ಟರೆ ಅರ್ಧ ಗೆದ್ದಂತೆ.

'ಎ' ಮತ್ತು 'ದ' ದೊಡ್ಡ ತಲೆನೋವು, ಯಾಕೆಂದರೆ ಕನ್ನಡದಲ್ಲಿ ಅವು ಇಲ್ಲ ಅಂತ ನಮ್ಮ ನಂಬಿಕೆ. ಪದ ಇಲ್ಲ ನಿಜ, ಆದರೆ ಆ ಭಾವನೆ ಇದೆ. "ಮನೆ ಹುಡುಕುತ್ತಿದ್ದೇನೆ" ಅಂದರೆ ಬಾಡಿಗೆಗೆ ಯಾವುದಾದರೂ ಒಂದು ಮನೆ. "ಮನೆಯನ್ನು ಹುಡುಕುತ್ತಿದ್ದೇನೆ" ಅಂದರೆ ವಿಳಾಸ ಕೈಯಲ್ಲಿ ಹಿಡಿದು ಬೀದಿಯಲ್ಲಿ ನಿಂತಿದ್ದೀರಿ. ಮೊದಲನೆಯದು 'ಎ ಹೌಸ್', ಎರಡನೆಯದು 'ದ ಹೌಸ್'. ಯಾವುದು ಅಂತ ಕೇಳುವವರಿಗೆ ಗೊತ್ತಿದೆಯೇ ಅನ್ನುವುದೇ ಪ್ರಶ್ನೆ. ಸ್ವೀಡಿಷ್ ಇದನ್ನು ನಮ್ಮ ವಿಭಕ್ತಿಯ ಹಾಗೆ ಬಾಲಕ್ಕೆ ಕಟ್ಟುತ್ತದೆ. 'ಎಲ್ವ್' ಅಂದರೆ ಹೊಳೆ, 'ಎಲ್ವೆನ್' ಅಂದರೆ ನಮಗೆ ಗೊತ್ತಿರುವ ಆ ಹೊಳೆ. ನೀವು ದಿನವೂ ಸ್ವೀಡಿಷಿನಲ್ಲಿ ಈ 'ಎನ್' ಹಚ್ಚುತ್ತಿದ್ದರೆ, ಹಚ್ಚಿದ ಕಡೆಯಲ್ಲೆಲ್ಲ ಇಂಗ್ಲಿಷಿನ 'ದ' ಹೆಚ್ಚೂಕಡಿಮೆ ಸರಿಯಾಗಿ ಕೂರುತ್ತದೆ. ನನಗೆ ಇದಕ್ಕಿಂತ ಸುಲಭದ ದಾರಿ ಯಾವ ವ್ಯಾಕರಣ ಪುಸ್ತಕದಲ್ಲೂ ಸಿಕ್ಕಿಲ್ಲ.

ಪದಸಂಪತ್ತಿಗೆ ನಿಘಂಟು ಬಾಯಿಪಾಠ ಮಾಡಬೇಕಿಲ್ಲ. ಸ್ವೀಡನ್ನಿನ ಟಿವಿಯಲ್ಲಿ ದೊಡ್ಡವರ ಇಂಗ್ಲಿಷ್ ಸಿನಿಮಾಗಳಿಗೆ ಡಬ್ಬಿಂಗ್ ಇಲ್ಲ, ಕೆಳಗೆ ಸ್ವೀಡಿಷ್ ಅಕ್ಷರ ಮಾತ್ರ. ಕಿವಿಗೊಂದು ಭಾಷೆ, ಕಣ್ಣಿಗೊಂದು. ಅತಿಥಿಗಳು ಬಂದಾಗ ಕಾಲುವೆ ಹತ್ತಿರ ಕರೆದುಕೊಂಡು ಹೋಗುತ್ತೀರಲ್ಲ, ಅಲ್ಲಿ 1800, 1844 ಮತ್ತು 1916ರ ಮೂರು ತಲೆಮಾರಿನ 'ಲಾಕ್'ಗಳು ಒಟ್ಟಿಗೇ ಕಾಣುತ್ತವೆ. ಬೀಗ ಅಂದುಕೊಂಡಿದ್ದ ಪದಕ್ಕೆ, ಹಡಗನ್ನು ಮೂವತ್ತೆರಡು ಮೀಟರ್ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ ನೀರಿನ ತೊಟ್ಟಿ ಅಂತಲೂ ಅರ್ಥವಿದೆ ಅಂತ ಒಮ್ಮೆ ಕಣ್ಣಲ್ಲಿ ನೋಡಿದ ಮಗು ಮರೆಯುವುದಿಲ್ಲ.

ಇನ್ನು ಸ್ವೀಡಿಷರ ಇಂಗ್ಲಿಷ್. ಚೆನ್ನಾಗಿ ಮಾತಾಡುತ್ತಾರೆ ಅಂತ ಮೈಮರೆಯಬೇಡಿ. ಅವರ 'ಸೆಮೆಸ್ಟರ್' ಅಂದರೆ ರಜೆ, 'ಶೆಫ್' ಅಂದರೆ ಅಡಿಗೆಯವರಲ್ಲ, ಬಾಸ್. "ವಿ ವಿಲ್ ಇವೆಂಚುವಲಿ ಚೇಂಜ್ ದ ಪಾರ್ಟ್" ಅಂದರೆ ಕೊನೆಗೆ ಬದಲಿಸಿಯೇ ತೀರುತ್ತೇವೆ ಅಂತ ನಾವು ತಿಳಿಯುತ್ತೇವೆ. ಅವರ ಭಾಷೆಯಲ್ಲಿ ಅದೇ ಥರದ ಪದಕ್ಕೆ 'ಬಹುಶಃ' ಅಂತ ಅರ್ಥ, ಅದಕ್ಕೇ ಕೆಲವರು ಹಾಗೆ ಬಳಸಿಬಿಡುತ್ತಾರೆ. ಬಿಡಿ ಭಾಗ ಆರ್ಡರ್ ಮಾಡುವ ಮೊದಲು ಇನ್ನೊಮ್ಮೆ ಕೇಳಿ. ಅವರ 'ಮೀಲ್' ಹತ್ತು ಕಿಲೋಮೀಟರು, ಹಾಗಾಗಿ ಯಾರಾದರೂ ಎರಡು 'ಮೈಲ್' ಅಂದರೆ ನಡೆದು ಹೊರಡಬೇಡಿ.

ಎಲ್ಲಕ್ಕಿಂತ ಹುಷಾರಾಗಿರಬೇಕಾದದ್ದು ಗಡಿಯಾರದ ಮಾತಿನಲ್ಲಿ. 'ಹಲ್ವ್ ಒಟ್ಟ' ಅಂದರೆ ಎಂಟಕ್ಕೆ ಅರ್ಧ ಗಂಟೆ ಕಡಿಮೆ, ಅಂದರೆ ಏಳೂವರೆ. ಅದನ್ನೇ ಅವರು ಇಂಗ್ಲಿಷಿಗೆ ಇಳಿಸಿ "ಹಾಫ್ ಎಯ್ಟ್" ಅನ್ನಬಹುದು. ಬ್ರಿಟಿಷರಿಗೆ 'ಹಾಫ್ ಎಯ್ಟ್' ಎಂಟೂವರೆ. ಒಂದು ಗಂಟೆ ವ್ಯತ್ಯಾಸ! ಇಬ್ಬರೂ ಇರುವ ಮೀಟಿಂಗಿಗೆ ನೀವೇ ಮೊದಲು "ಸೆವೆನ್ ಥರ್ಟಿ" ಅಂದುಬಿಡಿ.