ಮಾಗಿಯ ಚಳಿಯೂ ಚರ್ಮದ ರಕ್ಷಣೆಯೂ



ಮಾಗಿ ಕಾಲಿಟ್ಟೊಡನೆ ತುಟಿ ಒಡೆಯುವುದು, ಮೈ ಬಿಳಿಚಿ ನವೆಯಾಗುವುದು, ಹಿಮ್ಮಡಿ ಸೀಳುವುದು ಮನೆಮನೆಯ ಅನುಭವ. ಮೈಸೂರಿನ ಚಳಿ ಹಿಮ ಸುರಿಯುವ ಚಳಿಯಲ್ಲ. ಮುಂಜಾನೆಯ ಮಂಜಿನಲ್ಲಿ ಗಾಳಿ ತೇವವಾಗಿಯೇ ಇರುತ್ತದೆ. ಹೀಗಿದ್ದೂ ಚರ್ಮ ಒಣಗುವುದೇಕೆ?

ಗಾಳಿ ತಣ್ಣಗಾದಷ್ಟೂ ಅದು ಹೊರಬಲ್ಲ ನೀರಾವಿ ಕಡಮೆ. 15 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 13 ಗ್ರಾಂ ಆವಿಯನ್ನು ಹೊರಬಲ್ಲುದು. 28 ಡಿಗ್ರಿಯಲ್ಲಿ ಸುಮಾರು 27 ಗ್ರಾಂ. ಆದುದರಿಂದ ಬೆಳಗ್ಗೆ ತುಂಬಿದ್ದ ಗಾಳಿಯೇ ಮಧ್ಯಾಹ್ನದ ಬಿಸಿಲಿಗೆ ಕಾದಾಗ ಅರ್ಧ ಬರಿದಾದ ಪಾತ್ರೆಯಂತಾಗುತ್ತದೆ. ಆಗ ನಮ್ಮ ಮೈಯ ತೇವವೂ ಬೇಗ ಆರಿಹೋಗುತ್ತದೆ.

ಇದನ್ನು ತಡೆಯುವುದು ಚರ್ಮದ ಹೊರಪದರ. ಮೈಯ ಬಹುಭಾಗದಲ್ಲಿ ಅದು ಕಾಗದಕ್ಕಿಂತಲೂ ತೆಳು. ಅದನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು: ಸತ್ತ ಜೀವಕೋಶಗಳೇ ಇಟ್ಟಿಗೆ, ಅವುಗಳ ನಡುವಣ ಜಿಡ್ಡೇ ಗಾರೆ. ಚಳಿಯೆಂದು ನಾವು ಮಾಡಿಕೊಳ್ಳುವ ಉಪಚಾರವೇ ಈ ಗಾರೆಯನ್ನು ಕೆಡಿಸುತ್ತದೆ. ಸುಡುನೀರಿನ ದೀರ್ಘಸ್ನಾನವೂ ಕ್ಷಾರವುಳ್ಳ ಸಾಬೂನೂ ಜಿಡ್ಡನ್ನು ತೊಳೆದೊಯ್ಯುತ್ತವೆ.

ಅಂಗಾಲು ಅಂಗೈಗಳಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳೇ ಇಲ್ಲ. ಹಿಮ್ಮಡಿಯ ದಪ್ಪ ಚರ್ಮ ಒಣಗಿ ಬಾಗುವ ಗುಣವನ್ನು ಕಳೆದುಕೊಳ್ಳುತ್ತದೆ. ಮೈಭಾರ ಬಿದ್ದಾಗ ಒಳಗಿನ ಮೆತ್ತೆ ಹರಡುತ್ತದೆ, ಚರ್ಮ ಸೀಳುತ್ತದೆ.

ಪರಿಹಾರವು ಸುಲಭ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗನೆ ಸ್ನಾನ ಮುಗಿಸಿ, ಮೈಯನ್ನು ಉಜ್ಜದೆ ಒತ್ತಿ ಒರೆಸಿ, ತೇವ ಪೂರ್ತಿ ಆರುವ ಮುನ್ನ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ತೆಳುವಾಗಿ ಸವರಬೇಕು. ಎಣ್ಣೆ ಚರ್ಮಕ್ಕೆ ನೀರನ್ನು ಕೊಡುವುದಿಲ್ಲ; ಇರುವ ನೀರನ್ನು ಹೋಗಗೊಡದೆ ಕಾಯುತ್ತದೆ, ಅಷ್ಟೆ. ನಮ್ಮ ಅಭ್ಯಂಜನದಲ್ಲಿ ಎಣ್ಣೆ ಮೊದಲು, ನೀರು ಆಮೇಲೆ. ಕೊನೆಗೆ ಸೀಗೆಪುಡಿಯಿಂದ ತಿಕ್ಕಿ ಹಚ್ಚಿದ್ದನ್ನೆಲ್ಲ ತೆಗೆದುಬಿಡುತ್ತೇವೆ. ಅಭ್ಯಂಜನವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಸ್ನಾನಾನಂತರ ಮತ್ತೆ ನಾಲ್ಕು ಹನಿ ಎಣ್ಣೆ ಸವರಿದರೆ ಆ ಶ್ರಮ ಸಾರ್ಥಕ.

ಇದು ಬರಿಯ ಅಂದಚಂದದ ಮಾತೆಂದು ಎಣಿಸಬಾರದು. ನಮ್ಮ ಸೋದರತ್ತೆಯವರಿಗೆ ಮಧುಮೇಹವಿತ್ತು. ಒಂದು ಮಾಗಿಯಲ್ಲಿ ಅವರ ಹಿಮ್ಮಡಿ ಸೀಳಿತು. “ನೋವಿಲ್ಲವಪ್ಪ, ಚಳಿ ಹೋದರೆ ತಾನೇ ಕೂಡಿಕೊಳ್ಳುತ್ತೆ” ಎಂದರು. ನಾವೂ ಸುಮ್ಮನಾದೆವು. ಸಂಕ್ರಾಂತಿಯ ಹೊತ್ತಿಗೆ ಕೀವಾಗಿ, ಎರಡು ತಿಂಗಳು ಹಾಸಿಗೆ ಹಿಡಿದರು. ಮಧುಮೇಹವು ಕಾಲಿನ ನರಗಳನ್ನು ಜಡಗೊಳಿಸುವುದುಂಟು. ಅಂಥವರಿಗೆ ನೋವಿಲ್ಲವೆಂಬುದು ಸಮಾಧಾನದ ಮಾತಲ್ಲ, ಎಚ್ಚರಿಕೆಯ ಮಾತು. ವ್ರಣ ಬಲಿತರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು. ಅಂಥ ಬಿರುಕನ್ನು ಬ್ಲೇಡಿನಿಂದ ಕೆರೆಯದೆ ಒಡನೆಯೇ ವೈದ್ಯರಿಗೆ ತೋರಿಸಬೇಕು.

ಈ ರಾತ್ರಿ ಮಲಗುವ ಮುನ್ನ, ನಿಮ್ಮ ಮನೆಯ ಹಿರಿಯರ ಹಿಮ್ಮಡಿಗಳನ್ನು ಒಮ್ಮೆ ದೀಪದ ಬೆಳಕಿನಲ್ಲಿ ನೋಡಿರಿ. ಅವರು ಬೇಡವೆಂದರೂ ನೋಡಿರಿ.