ಖೋಡದ್‌ನಿಂದ ಒಂದು ಗ್ರಹಕ್ಕೆ ಕಿವಿಗೊಟ್ಟಾಗ

ಪುಣೆಯಿಂದ ನಾಸಿಕ್ ರಸ್ತೆ ಹಿಡಿದು ಸುಮಾರು 80 ಕಿ.ಮೀ. ಹೋದರೆ ಖೋಡದ್. ಹೊಲಗಳ ನಡುವೆ 45 ಮೀಟರ್ ಅಗಲದ 30 ಆಂಟೆನಾಗಳು. ತಟ್ಟೆಗೆ ತಗಡಿಲ್ಲ, ಗಾಳಿ ಹಾದುಹೋಗಲಿ ಅಂತ ಸಣ್ಣ ಸ್ಟೀಲ್ ತಂತಿಯ ಬಲೆ. ಇದೇ ಜಿಎಂಆರ್‌ಟಿ, ಅಂದರೆ ಜೈಂಟ್ ಮೀಟರ್‌ವೇವ್ ರೇಡಿಯೊ ಟೆಲಿಸ್ಕೋಪ್.

2009ರಲ್ಲಿ ಖಗೋಳ ವಿಜ್ಞಾನಿಗಳ ತಂಡವೊಂದು ಇದನ್ನು ಹ್ಯಾಟ್-ಪಿ-11ಬಿ ಎಂಬ ಗ್ರಹದತ್ತ ತಿರುಗಿಸಿತು. ದೂರ ಸುಮಾರು 120 ಜ್ಯೋತಿರ್ವರ್ಷ. ಅದಕ್ಕೆ ಬಲವಾದ ಕಾಂತಕ್ಷೇತ್ರ ಇದ್ದರೆ, ನಮ್ಮ ಗುರುಗ್ರಹದ ಹಾಗೆ ರೇಡಿಯೊ ಅಲೆ ಹೊಮ್ಮಿಸಬೇಕು.

ಆದರೆ ಸಿಕ್ಕ ಸಂಕೇತ ಗ್ರಹದ್ದೇ ಅಂತ ಗೊತ್ತಾಗೋದು ಹೇಗೆ? ಯೋಜನೆಯ ಜಾಣ್ಮೆ ಇರೋದೇ ಇಲ್ಲಿ. ಗ್ರಹ ತನ್ನ ನಕ್ಷತ್ರದ ಹಿಂದೆ ಸರಿಯುವ ಹೊತ್ತನ್ನು ಮೊದಲೇ ಲೆಕ್ಕ ಹಾಕಿ, ಅದಕ್ಕೆ ಮುಂಚೆ, ಆಗ, ಆಮೇಲೆ, ಮೂರೂ ಹೊತ್ತು ಆಲಿಸಬೇಕು. ಮರೆಯಾದಾಗ ಸಂಕೇತ ನಿಂತು, ಹೊರಬಂದಾಗ ಮರಳಿದರೆ ಅದು ಗ್ರಹದ್ದು.

ಜುಲೈ 16, 150 ಮೆಗಾಹರ್ಟ್ಸ್: ಹಾಗೇ ಕಂಡಿತು! ಬಲು ಕ್ಷೀಣವಾಗಿ. 2010ರ ನವೆಂಬರ್‌ನಲ್ಲಿ ಅಷ್ಟೇ ಸೂಕ್ಷ್ಮವಾಗಿ ಮತ್ತೆ ನೋಡಿದರೆ ಏನೂ ಇಲ್ಲ. ಗ್ರಹದ ಹೊಮ್ಮುವಿಕೆಯೇ ಏರಿಳಿಯುತ್ತದೋ, ಮೊದಲು ಕಂಡದ್ದೇ ಆಕಸ್ಮಿಕವೋ? ತಂಡ ಎರಡನ್ನೂ 2013ರ ಪ್ರಬಂಧದಲ್ಲಿ ಬರೆದಿಟ್ಟಿತು. ಈ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

ಜಿಎಂಆರ್‌ಟಿಗೆ ಈಗ ಹೊಸ ರಿಸೀವರ್‌ಗಳು ಬಂದಿವೆ. ವೀಕ್ಷಣಾ ಸಮಯಕ್ಕೆ ವರ್ಷಕ್ಕೆರಡು ಸಲ ಅರ್ಜಿ ಕರೆಯುತ್ತಾರೆ. ಯಾವ ದೇಶದ ಖಗೋಳ ವಿಜ್ಞಾನಿಯೂ ಹಾಕಬಹುದು.